ವೆಂಗೆನ್ನೋ ಜರ್ಮಾಟೋ: ಮೊದಲ ಸಲ ಸ್ಕೀ ಕಲಿಯುವ ಕುಟುಂಬಕ್ಕೆ ಯಾವ ಊರು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ವೆಂಗೆನ್‌ಗೆ. ಮನೆಯಲ್ಲಿ ಯಾರಿಗೂ ಸ್ಕೀ ಬಾರದು, ಇಬ್ಬರು ಮಕ್ಕಳಿದ್ದಾರೆ, ಬೆಂಗಳೂರಿನಿಂದ ಬಂದ ಅಜ್ಜ-ಅಜ್ಜಿಯೂ ಜೊತೆಗಿದ್ದಾರೆ ಎಂದರೆ ಊರಿನಿಂದ ಕಾಣುವ ಮ್ಯಾಟರ್‌ಹಾರ್ನ್ ಶಿಖರ ಎಷ್ಟೇ ಚೆಂದವಿರಲಿ, ಜರ್ಮಾಟ್ ಮೊದಲ ವರ್ಷಕ್ಕಲ್ಲ. ಎರಡೂ ಊರುಗಳಲ್ಲಿ ಒಂದೊಂದು ವಾರ ಇದ್ದು ನೋಡಿದ ಮೇಲೆ ಹೇಳುವ ಮಾತಿದು. ಎರಡೂ ಸ್ವಿಟ್ಜರ್‌ಲೆಂಡಿನವು, ಎರಡಕ್ಕೂ ಕಾರು ಒಳಗೆ ಬರುವಂತಿಲ್ಲ, ಎರಡೂ ದುಬಾರಿ. ವ್ಯತ್ಯಾಸ ಇರುವುದು ಬೂಟು ಹಾಕಿಕೊಂಡು ಎಷ್ಟು ದೂರ ನಡೆಯಬೇಕು ಎಂಬುದರಲ್ಲಿ.

ನಗಬೇಡಿ. ಸ್ಕೀ ಬೂಟು ಎಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿ, ಕಣಕಾಲು ಮಡಿಸಲು ಬಿಡುವುದಿಲ್ಲ. ದೊಡ್ಡವರ ಒಂದು ಜೊತೆ ಮೂರೂವರೆಯಿಂದ ನಾಲ್ಕು ಕಿಲೋ ತೂಗುತ್ತದೆ, ಸ್ಕೀ ಹಲಗೆಗಳು ಇನ್ನೈದು ಕಿಲೋ. ಮಗುವಿನ ಹಲಗೆ ಹೊರುವವರೂ ನೀವೇ, ಏಕೆಂದರೆ ಆರು ವರ್ಷದ ಮಗು ಐವತ್ತು ಹೆಜ್ಜೆ ಹೊತ್ತು ಕೆಳಗಿಡುತ್ತದೆ. ಜರ್ಮಾಟ್ ಉದ್ದನೆಯ ಊರು, ಬೆಟ್ಟಕ್ಕೆ ಹತ್ತುವ ಜಾಗಗಳು ಮೂರು, ಮೂರೂ ಬೇರೆ ಬೇರೆ ಕಡೆ. ಗೋರ್ನರ್‌ಗ್ರಾಟ್‌ನ ಹಲ್ಲುಹಳಿ ರೈಲು ಮುಖ್ಯ ನಿಲ್ದಾಣದ ಎದುರಿಗಿದೆ. ಸುನ್ನೆಗ್ಗಾಕ್ಕೆ ಹೋಗಲು ನದಿ ದಾಟಿ ಉದ್ದನೆಯ ಸುರಂಗದೊಳಗೆ ನಡೆದು, ನೆಲದಡಿಯ ಕೇಬಲ್ ರೈಲು ಹಿಡಿಯಬೇಕು. ಗ್ಲೇಸಿಯರ್ ಪ್ಯಾರಡೈಸಿಗೆ ಹೋಗುವ ಗೊಂಡೊಲಾ (ತಂತಿಯ ಮೇಲೆ ತೂಗುವ ಡಬ್ಬಿ) ಊರಿನ ದಕ್ಷಿಣ ತುದಿಯಲ್ಲಿದೆ. ನಿಲ್ದಾಣದಿಂದ ಬರಿಗೈಯಲ್ಲಿ ನಡೆದರೇ ಇಪ್ಪತ್ತು ನಿಮಿಷ, ಬೂಟು ಹಾಕಿ ಹಲಗೆ ಹೊತ್ತರೆ ಅರ್ಧ ಗಂಟೆ. ಬ್ಯಾಟರಿ ಬಸ್ಸುಗಳೇನೋ ಓಡುತ್ತವೆ, ಆದರೆ ಬೆಳಗ್ಗೆ ಒಂಬತ್ತಕ್ಕೆ ಅವುಗಳ ಸ್ಥಿತಿ ಮೆಜೆಸ್ಟಿಕ್‌ನಲ್ಲಿ ಸಂಜೆ ಆರರ ಬಸ್ಸಿನಂತೆ, ಎಲ್ಲರ ಕೈಯಲ್ಲೂ ಆಳುದ್ದದ ಹಲಗೆ ಬೇರೆ.

ಹೊಸಬರಿಗೆ ಈ ಮೂರರಲ್ಲಿ ಬೇಕಾದದ್ದು ಸುನ್ನೆಗ್ಗಾ. ಮಕ್ಕಳ ಕಲಿಕೆಯ ಜಾಗ, ಅಂದರೆ ಲೈಸೀ ಕೆರೆ ಪಕ್ಕದ ವೊಲ್ಲಿ ಪಾರ್ಕ್, ಇರುವುದು ಅಲ್ಲಿ ಮೇಲೆ. ಜಾಗ ಚೆನ್ನಾಗಿಯೇ ಇದೆ, 2,200 ಮೀಟರಿನ ಮೇಲಿರುವುದರಿಂದ ಹಿಮಕ್ಕೂ ಕೊರತೆಯಿಲ್ಲ. ತೊಂದರೆ ಲೆಕ್ಕದಲ್ಲಿದೆ. ಪಾಠ ಹತ್ತಕ್ಕೆ ಎಂದರೆ ಎಂಟೂಕಾಲಿಗೆ ಮಕ್ಕಳಿಗೆ ಬಟ್ಟೆ ತೊಡಿಸಲು ಶುರು ಮಾಡಬೇಕು, ನಡಿಗೆ, ಸುರಂಗ, ಸಾಲು, ಕೇಬಲ್ ರೈಲು, ಮೇಲೆ ಇನ್ನೊಂದು ಸಣ್ಣ ಲಿಫ್ಟು. ಅಷ್ಟರಲ್ಲಿ ಚಿಕ್ಕವನಿಗೆ ಬಾತ್‌ರೂಮಿಗೆ ಹೋಗಬೇಕಾಗುತ್ತದೆ, ಮೂರು ಪದರ ಬಟ್ಟೆ ಬಿಚ್ಚಬೇಕು. ಮಕ್ಕಳನ್ನು ಬಿಡಲು ಹೋಗುವ ದೊಡ್ಡವರಿಗೂ ಟಿಕೆಟ್ ಬೇಕು. ಮೊಮ್ಮಕ್ಕಳು ಜಾರುವುದನ್ನು ನೋಡಬೇಕೆಂದರೆ ಅಜ್ಜ-ಅಜ್ಜಿಗೂ ಪ್ರತಿದಿನ ಟಿಕೆಟ್. ಹೊಸಬರು ಸಂಜೆ ಸ್ಕೀ ಮಾಡುತ್ತ ಊರಿಗೆ ಇಳಿಯುವ ಆಸೆಯನ್ನೂ ಬಿಡಬೇಕು: ಕೊನೆಯ ದಾರಿಗಳು ಕಿರಿದು, ಸಂಜೆಯಷ್ಟೊತ್ತಿಗೆ ಹಿಮ ಗಾಜಾಗಿರುತ್ತದೆ, ಪಕ್ಕದಲ್ಲಿ ಪಳಗಿದವರು ಬಾಣದಂತೆ ಹೋಗುತ್ತಾರೆ. ಮತ್ತೆ ಅದೇ ಕೇಬಲ್ ರೈಲು, ಅದೇ ಸುರಂಗ.

ಇದಕ್ಕೆ ಅರ್ಧ ಪರಿಹಾರ ಒಂದಿದೆ. ಬೂಟು-ಹಲಗೆ ಬಾಡಿಗೆ ಕೊಡುವ ಅಂಗಡಿಯನ್ನು ಮನೆಯ ಹತ್ತಿರ ನೋಡಬೇಡಿ, ಲಿಫ್ಟಿನ ಬುಡದಲ್ಲಿ ನೋಡಿ. ರಾತ್ರಿ ಸಾಮಾನು ಅಲ್ಲೇ ಇಡಲು ಡಿಪೋ ಇದೆಯೇ ಎಂದು ಕೇಳಿ, ಬೂಟು ಒಣಗಿಸುವ ಬಿಸಿ ಗೂಟಗಳಿದ್ದರೆ ಇನ್ನೂ ಒಳ್ಳೆಯದು. ಮನೆಯಿಂದ ಸಾಮಾನ್ಯ ಹಿಮದ ಬೂಟಿನಲ್ಲಿ ಹೋಗಿ ಅಲ್ಲಿ ಬದಲಿಸಿಕೊಳ್ಳಬಹುದು. ನಡೆಯಲೇಬೇಕಾದಾಗ ಬೂಟಿನ ಮೇಲಿನ ಎರಡು ಬಕಲ್ ಸಡಿಲಿಸಿ, ಹಿಮ್ಮಡಿ ಮೊದಲು ಊರಿ. ಹಲಗೆಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಭುಜದ ಮೇಲಿಡಿ, ಮೂತಿ ಮುಂದಕ್ಕೆ ಕೆಳಮುಖವಾಗಿರಲಿ, ಕಟ್ಟು (ಬೂಟನ್ನು ಹಲಗೆಗೆ ಹಿಡಿಸುವ ಬೈಂಡಿಂಗ್) ಭುಜದ ಹಿಂದೆ ಬರಲಿ. ತಿರುಗುವ ಮುನ್ನ ಹಿಂದೆ ನೋಡಿ, ಇಲ್ಲದಿದ್ದರೆ ಯಾರದೋ ಹಲ್ಲು ಹೋಗುತ್ತದೆ.

ವೆಂಗೆನ್‌ನಲ್ಲಿ ಈ ಕಥೆಯೇ ಇಲ್ಲ. 1,274 ಮೀಟರ್ ಎತ್ತರದ ಸಣ್ಣ ಊರು. ಹೊಸಬರ ಇಳಿಜಾರು ಊರಿನ ನಡುವೆಯೇ ಇದೆ, ನಿಲ್ದಾಣದಿಂದ ಕೆಲವೇ ನಿಮಿಷ. ಅಜ್ಜಿ ಬೆಂಚಿನ ಮೇಲೆ ಕೂತು ಬಿಸಿಲು ಕಾಯಿಸುತ್ತ ನೋಡಬಹುದು, ದುಡ್ಡಿಲ್ಲ. ಮಗು ಅತ್ತರೆ ಹತ್ತು ನಿಮಿಷದಲ್ಲಿ ಮನೆ. ಮೊದಲ ಎರಡು-ಮೂರು ದಿನ ಕಲಿಕೆಯ ಲಿಫ್ಟಿನ ಸಣ್ಣ ಟಿಕೆಟ್ಟೇ ಸಾಕು. ಆರು ದಿನದ ಇಡೀ ಪ್ರದೇಶದ ಪಾಸು ಕೊಂಡು ಮೂರು ದಿನ ಅದೇ ನೂರು ಮೀಟರಿನಲ್ಲಿ ಬೀಳುತ್ತ ಏಳುತ್ತ ಇರುವುದು ದುಡ್ಡು ದಂಡ, ನಾಲ್ಕನೇ ದಿನದಿಂದ ಕೊಳ್ಳಿ. ಆಗ 2,061 ಮೀಟರಿನ ಕ್ಲೈನೆ ಶೈಡೆಗ್‌ಗೆ ರೈಲಿನಲ್ಲಿ ಹೋಗಿ ನೀಲಿ ದಾರಿಯಲ್ಲಿ ಇಳಿಯಬಹುದು. ಸ್ವಿಸ್ ಲೆಕ್ಕದಲ್ಲಿ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ನಮ್ಮದಲ್ಲ. ಅರ್ಧದಲ್ಲಿ ಕಾಲು ನಡುಗಿದರೆ ವೆಂಗರ್ನ್ಆಲ್ಪ್ ಅಥವಾ ಆಲ್ಮೆಂಡ್ ನಿಲ್ದಾಣದಲ್ಲಿ ಮತ್ತೆ ರೈಲು ಹತ್ತಬಹುದು. ರೈಲು ನಿಧಾನ, ಮೇಲಕ್ಕೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಪಳಗಿದವರು ಬೈದುಕೊಳ್ಳುವ ರೈಲೇ ಹೆದರಿದವರಿಗೆ ಆಸರೆ.

ವೆಂಗೆನ್‌ನ ದೋಷ ಎತ್ತರದ್ದು. ಬೆಚ್ಚಗಿನ ವಾರ ಬಂದರೆ ಊರಿನ ಇಳಿಜಾರು ಮಧ್ಯಾಹ್ನಕ್ಕೆ ಐಸ್‌ಕ್ಯಾಂಡಿ ಕರಗಿದಂತಾಗುತ್ತದೆ, ಕೆಲವೊಮ್ಮೆ ಮಳೆಯೇ ಬೀಳುತ್ತದೆ. ಆಗ ಪಾಠಗಳು ಮೇಲಕ್ಕೆ ಹೋಗುತ್ತವೆ, ನಿಮ್ಮ ಪಾಸಿನ ಉಳಿತಾಯವೂ ಹೋಗುತ್ತದೆ. ಜರ್ಮಾಟ್ 1,600 ಮೀಟರಿನ ಮೇಲಿದೆ, ಅಲ್ಲಿನ ಲಿಫ್ಟು 3,883 ಮೀಟರಿನವರೆಗೆ ಹೋಗುತ್ತದೆ, ಡಿಸೆಂಬರ್ ಮೊದಲ ವಾರಕ್ಕೂ ಏಪ್ರಿಲ್‌ಗೂ ಹಿಮದ ಮಟ್ಟಿಗೆ ಅದೇ ಭದ್ರ. ಅತಿಯಾದರೂ ಕಷ್ಟವೇ: 2018ರ ಜನವರಿಯಲ್ಲಿ ರಸ್ತೆ, ರೈಲು ಎರಡೂ ಮುಚ್ಚಿ ಸುಮಾರು 13,000 ಪ್ರವಾಸಿಗರು ಜರ್ಮಾಟ್‌ನಲ್ಲಿ ಸಿಕ್ಕಿಕೊಂಡಿದ್ದರು. ವಾಪಸು ವಿಮಾನದ ಹಿಂದಿನ ರಾತ್ರಿ ಜ್ಯೂರಿಕ್‌ನಲ್ಲಿ ಕಳೆಯುವುದು ಕ್ಷೇಮ.

ದಾರಿಯ ವಿಷಯ. ಜರ್ಮಾಟ್‌ಗೆ ಜ್ಯೂರಿಕ್‌ನಿಂದ ಫಿಸ್ಪ್‌ನಲ್ಲಿ ಒಂದೇ ಬದಲಾವಣೆ, ಮೂರೂಕಾಲು ಗಂಟೆ. ಕಾರಿನವರು ಟೆಶ್‌ನಲ್ಲಿ ನಿಲ್ಲಿಸಿ ಹನ್ನೆರಡು ನಿಮಿಷದ ರೈಲು ಹಿಡಿಯಬೇಕು. ವೆಂಗೆನ್‌ಗೆ ಬದಲಾವಣೆ ಹೆಚ್ಚು: ಇಂಟರ್‌ಲಾಕೆನ್ ಓಸ್ಟ್, ಆಮೇಲೆ ಲೌಟರ್‌ಬ್ರುನ್ನೆನ್. ಕಾರನ್ನು ಲೌಟರ್‌ಬ್ರುನ್ನೆನ್‌ನಲ್ಲೇ ಬಿಡಬೇಕು. ಇಂಟರ್‌ಲಾಕೆನ್‌ನಿಂದ ಹೊರಡುವ ರೈಲು ತ್ಸ್ವೈಲ್ಯೂಚಿನೆನ್‌ನಲ್ಲಿ ಎರಡಾಗುತ್ತದೆ, ಒಂದು ಭಾಗ ಲೌಟರ್‌ಬ್ರುನ್ನೆನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ. ಡಬ್ಬಿಯ ಮೇಲಿನ ಫಲಕ ಓದಿಯೇ ಹತ್ತಿ. ಸೂಟ್‌ಕೇಸು ಒಂದು ಡಬ್ಬಿಯಲ್ಲಿ, ಮನೆಯವರು ಇನ್ನೊಂದರಲ್ಲಿ ಆದರೆ ಸಾಮಾನು ಬೇರೆ ಕಣಿವೆಗೆ ಹೋಗುತ್ತದೆ.

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಎರಡೂ ಕಡೆ ಸಿಗುತ್ತದೆ. ಮಧ್ಯಾಹ್ನ ಮನೆಗೆ ಬಂದು ಅನ್ನ-ಸಾರು ಉಣ್ಣುವ ಅಭ್ಯಾಸದವರಿಗೆ ಇಲ್ಲೂ ವೆಂಗೆನ್ನೇ ಅನುಕೂಲ, ಜರ್ಮಾಟ್‌ನಲ್ಲಿ ಮೇಲೆ ಹೋದವರು ಮೇಲೆಯೇ ತಿನ್ನಬೇಕು. ಬೆಟ್ಟದ ಹೋಟೆಲಿನ ನಾಲ್ಕು ತಟ್ಟೆ ರೋಸ್ಟಿಯ (ತುರಿದು ಹುರಿದ ಆಲೂಗಡ್ಡೆ) ಬಿಲ್ಲಿನಲ್ಲಿ ಎರಡು ದಿನದ ದಿನಸಿ ಬರುತ್ತದೆ. ಇಂಟರ್‌ಲಾಕೆನ್ ಓಸ್ಟ್ ನಿಲ್ದಾಣದ ಎದುರಿನ ದೊಡ್ಡ ಕೋಪ್ ಅಂಗಡಿಯಲ್ಲಿ ಸಾಮಾನು ತುಂಬಿಕೊಂಡೇ ಹತ್ತಿ. ಈ ಎತ್ತರದಲ್ಲಿ ನೀರು 94-96 ಡಿಗ್ರಿಗೇ ಕುದಿಯುವುದರಿಂದ ಬೇಳೆ ತೆರೆದ ಪಾತ್ರೆಯಲ್ಲಿ ಬೇಗ ಬೇಯುವುದಿಲ್ಲ, ಚಪ್ಪಟೆ ತಳದ ಸಣ್ಣ ಕುಕ್ಕರ್ ಒಯ್ಯಿರಿ. ಜರ್ಮನಿಯಿಂದ ಹೋಗುವವರಿಗೆ ಒಂದು ಎಚ್ಚರಿಕೆ: ಅಲ್ಲಿನ ದಪ್ಪ ದುಂಡು ಪ್ಲಗ್ಗು ಸ್ವಿಸ್ ಸಾಕೆಟ್ಟಿನ ಗುಂಡಿಗೆ ಇಳಿಯುವುದಿಲ್ಲ, ರೈಸ್ ಕುಕ್ಕರ್ ಅಲಂಕಾರಕ್ಕೆ ಉಳಿಯುತ್ತದೆ. ಭಾರತದಿಂದ ಬರುವವರು ತುಪ್ಪ ತರುವಂತಿಲ್ಲ, ಹಾಲಿನ ಪದಾರ್ಥಗಳಿಗೆ ಗಡಿಯಲ್ಲಿ ನಿಷೇಧವಿದೆ. ಅಲ್ಲಿನ ಬೆಣ್ಣೆ ಕಾಯಿಸಿಕೊಂಡರಾಯಿತು. ಕಟ್ಟಾ ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಫಾಂಡ್ಯೂಗೆ (ಬ್ರೆಡ್ ಅದ್ದಿ ತಿನ್ನುವ ಕರಗಿಸಿದ ಚೀಸು) ಹಾಕುವ ಗ್ರುಯೇರ್ ಚೀಸಿನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಇರುತ್ತದೆ, ಪಾತ್ರೆಗೆ ವೈನೂ ಬೀಳುತ್ತದೆ.

ತಾರೀಕು ಆರಿಸುವಾಗ ವೆಂಗೆನ್‌ನವರು ಜನವರಿ ಮಧ್ಯದ ಲೌಬರ್‌ಹಾರ್ನ್ ಸ್ಕೀ ಪಂದ್ಯದ ವಾರ ಬಿಡಬೇಕು. 1930ರಿಂದ ನಡೆಯುತ್ತಿರುವ ಪಂದ್ಯ, ಆ ದಿನಗಳಲ್ಲಿ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಕೆಲವು ದಾರಿಗಳೂ ಮುಚ್ಚಿರುತ್ತವೆ. ಕ್ರಿಸ್‌ಮಸ್-ಹೊಸವರ್ಷ, ಫೆಬ್ರವರಿಯ ಶಾಲಾ ರಜೆ ಎರಡೂ ಊರುಗಳಲ್ಲಿ ತುಟ್ಟಿ. ಶಾಲೆ ಅಡ್ಡಬಾರದಿದ್ದರೆ ಜನವರಿಯ ಕೊನೆಯ ವಾರ.

ಬಾಡಿಗೆ ಅಂಗಡಿಯಲ್ಲಿ ತೂಕ ಸುಳ್ಳು ಹೇಳಬೇಡಿ. ತೂಕ, ಬೂಟಿನ ತಳದ ಉದ್ದ, ಅನುಭವ ನೋಡಿ ಕಟ್ಟಿನ ಬಿಗಿ ಕೂಡಿಸುತ್ತಾರೆ. ಹೆಚ್ಚು ಬಿಗಿಯಾದರೆ ಬಿದ್ದಾಗ ಹಲಗೆ ಕಳಚದೆ ಮೊಣಕಾಲು ತಿರುಚುತ್ತದೆ. ಹಲಗೆಯ ಉದ್ದ ಗಲ್ಲದವರೆಗೆ ಬಂದರೆ ಸಾಕು. ಬೂಟಿನೊಳಗೆ ಒಂದೇ ತೆಳು ಉಣ್ಣೆ ಕಾಲುಚೀಲ. ಚಳಿಯೆಂದು ಎರಡು ಹಾಕಿದರೆ ರಕ್ತ ಓಡದೆ ಬೆರಳು ಇನ್ನೂ ತಣ್ಣಗಾಗುತ್ತದೆ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದೆ ತಾಗಬೇಕು, ಮಂಡಿ ಬಾಗಿಸಿದರೆ ಬಿಡಬೇಕು, ಅದೇ ಸರಿಯಾದ ಅಳತೆ.

ಷೆಂಗೆನ್ ವೀಸಾಕ್ಕೆ ಮಾಡಿಸುವ 30,000 ಯೂರೋ ವಿಮೆಯಲ್ಲಿ ಎಷ್ಟೋ ಸಲ ಚಳಿಗಾಲದ ಕ್ರೀಡೆ ಸೇರಿರುವುದಿಲ್ಲ. ಸ್ಕೀ ಅಪಘಾತ, ಹೆಲಿಕಾಪ್ಟರ್ ಎರಡೂ ಇವೆಯೇ ಎಂದು ಪಾಲಿಸಿಯಲ್ಲೇ ಓದಿ.

ಗ್ರಿಂಡೆಲ್‌ವಾಲ್ಡ್ ಬಗ್ಗೆ ಕೇಳುವವರಿಗೆ: ಕಾರು ಮನೆ ಬಾಗಿಲಿಗೇ ಬರಬೇಕೆಂದರೆ ಅದು, 2020ರ ಡಿಸೆಂಬರಿನಿಂದ ಐಗರ್ ಎಕ್ಸ್‌ಪ್ರೆಸ್ ಎಂಬ ಬೆಟ್ಟಕ್ಕೆ ಹತ್ತುವ ಗೊಂಡೊಲಾ ಕೂಡ ಇದೆ, ಆದರೆ ಊರು ಹರಡಿಕೊಂಡಿದೆ, ಮತ್ತೆ ಬಸ್ಸು.

ಕೆಂಪು ದಾರಿಯಲ್ಲಿ ಧೈರ್ಯವಾಗಿ ಇಳಿಯುವಷ್ಟು ಮಕ್ಕಳು ಕಲಿತ ಮೇಲೆ ಜರ್ಮಾಟ್‌ಗೆ ಹೋಗಿ. ಆ ಹೊತ್ತಿಗೆ ಇಟಲಿಯ ಚೆರ್ವೀನಿಯಾದವರೆಗೆ ಜಾರಿ ಊಟ ಮಾಡಿ ಬರುವುದಕ್ಕೂ ಅರ್ಥವಿರುತ್ತದೆ (ವಾಪಸಿನ ಕೊನೆಯ ಲಿಫ್ಟ್ ತಪ್ಪಿದರೆ ರಸ್ತೆಯಲ್ಲಿ ಹಲವು ಗಂಟೆ ಸುತ್ತಬೇಕು, ಗಡಿಯಾರ ನೋಡುತ್ತಿರಿ). ಅದೂ ಸುನ್ನೆಗ್ಗಾ ಸುರಂಗದ ಬಾಯಿಗೆ ಐದು ನಿಮಿಷದೊಳಗಿನ ಮನೆ ಸಿಕ್ಕರೆ ಮಾತ್ರ.