ಟೈರ್ ಮಾರುವ ಮುಂಚೆ ರಿಮ್ ಒರೆಸಿ ನೋಡುವ ಚಾಚಾ

ನನ್ನದು 2016ರ ಸ್ವಿಫ್ಟ್. ಕಂಪನಿ ಟೈರು 165/80 ಆರ್14, ಅಂದರೆ ಟೈರಿನ ಅಗಲ 165 ಮಿಲಿಮೀಟರ್, ಪಕ್ಕದ ಎತ್ತರ ಆ ಅಗಲದ ಶೇಕಡಾ 80, ರಿಮ್ಮಿನ ವ್ಯಾಸ 14 ಇಂಚು. ಎರಡು ವರ್ಷದ ಹಿಂದೆ ಬೇರೆ ಊರಿನ ಅಂಗಡಿಯವರೊಬ್ಬರು ಅಗಲ ಟೈರ್ ಹಾಕಿದರೆ ಗಾಡಿ ರೋಡ್ ಹಿಡಿಯುತ್ತೆ ಅಂತ 195/65 ಹಾಕಿ ಕಳಿಸಿದರು. ನೋಡೋಕೆ ಭರ್ಜರಿ. ಆದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಒಳಗೆಲ್ಲೋ ಉಜ್ಜುವ ಸದ್ದು. ತಿರುವಿನಲ್ಲಿ ಗಾಡಿ ಒಂಚೂರು ಓಲಾಡಿ ಆಮೇಲೆ ತಿರುಗುತ್ತಿತ್ತು. 22 ಸಾವಿರ ಕಿಲೋಮೀಟರಿಗೇ ಟೈರಿನ ನಡುಭಾಗ ಬೋಳು, ಎರಡೂ ಅಂಚು ಹೊಸದರಂತೆ. ಗಾಳಿ ಜಾಸ್ತಿ ಇರಬೇಕು ಅಂತ ನಾನು ಸುಮ್ನೆ ಕಡಿಮೆ ಮಾಡಿಸುತ್ತಾ ಬಂದೆ. ದಡ್ಡತನ.

ಕಲಬುರಗಿಯಲ್ಲಿ ಹುಮನಾಬಾದ್ ರಿಂಗ್ ರೋಡಿನಿಂದ ಆಳಂದ ಕಡೆ ಹೋಗುವಾಗ ಎಡಕ್ಕೆ ಒಂದು ಸಣ್ಣ ಟೈರ್ ಅಂಗಡಿ ಇದೆ. ಬೋರ್ಡಿನ ಬಣ್ಣ ಹೋಗಿದೆ, ಹೆಸರು ಓದೋಕಾಗಲ್ಲ. ಎಲ್ಲರೂ ಮಾಲೀಕರನ್ನು ಚಾಚಾ ಅಂತಾರೆ. ನಾನು ಮತ್ತೆ 195 ಕೇಳಿದೆ. ಅವರು ರೇಟು ಹೇಳಲಿಲ್ಲ. ಒಂದು ಚಕ್ರ ಬಿಚ್ಚಿಸಿ, ಚಿಂದಿ ಬಟ್ಟೆಯಿಂದ ರಿಮ್ಮಿನ ಮಣ್ಣು ಒರೆಸಿ, ಅಚ್ಚೊತ್ತಿದ ಅಕ್ಷರ ತೋರಿಸಿದರು: 14, ಪಕ್ಕದಲ್ಲಿ 5ಜೆ.

“ಹದಿನಾಲ್ಕು ಎಲ್ಲಾರೂ ನೋಡ್ತಾರ್ರೀ ಸರ. ಈ ಐದು ಯಾರೂ ನೋಡಂಗಿಲ್ಲ.”

ಐದು ಅಂದರೆ ರಿಮ್ಮಿನ ಅಗಲ, ಇಂಚಿನಲ್ಲಿ; ಜೆ ಅನ್ನೋದು ರಿಮ್ಮಿನ ಅಂಚಿನ ಆಕಾರದ ಗುರುತು. ಟೈರಿನ ಅಂಚು ಕೂರುವ ಎರಡು ಕಡೆಯ ನಡುವಿನ ಅಂತರ, ಸುಮಾರು 127 ಮಿಲಿಮೀಟರ್. 195/65 ಟೈರಿಗೆ ಕಡಿಮೆ ಅಂದರೂ ಐದೂವರೆ ಇಂಚು ಬೇಕು. “ತೊಗರಿ ಚೀಲದ ಬಾಯಿ ಬಿಗಿದು ಕಟ್ಟಿದ್ರ ನಡು ಉಬ್ಬಂಗಿಲ್ಲೇನ್ರೀ? ಹಂಗ ಇದೂ ಉಬ್ಬೇದ. ರೋಡಿಗಿ ನಡು ಅಷ್ಟೇ ತಾಗತದ.” ಬೋಳಾದ ನಡುಭಾಗದ ಲೆಕ್ಕ ಅಲ್ಲೇ ಸಿಕ್ಕಿತು.

185/70 ಆಗಲ್ವಾ ಅಂತ ಚೌಕಾಸಿಗೆ ಇಳಿದೆ. ಆಗುತ್ತೆ, ಅದಕ್ಕೆ ನಾಲ್ಕೂವರೆಯಿಂದ ಆರು ಇಂಚಿನ ರಿಮ್ ನಡೆಯುತ್ತೆ ಅಂದರು. ಆದರೆ ನಿಮ್ಮ ಓಡಾಟ ಎಲ್ಲಿ ಅಂತ ಕೇಳಿದರು. ಸೇಡಂ, ಚಿತ್ತಾಪುರ ಅಂದೆ. ಆ ರೋಡಿನ ಗುಂಡಿಗೆ ಚಕ್ರ ಬಿದ್ದರೆ ಎತ್ತರದ ಸೈಡ್‌ವಾಲೇ, ಅಂದರೆ ಟೈರಿನ ಪಕ್ಕದ ಗೋಡೆಯೇ, ರಿಮ್ಮನ್ನು ಉಳಿಸೋದು, ಕಂಪನಿ ಸೈಜೇ ಇರಲಿ ಅಂದರು. ಜಾಸ್ತಿ ರೇಟಿನ ಮಾಲು ಕೇಳುತ್ತಿದ್ದ ಗಿರಾಕಿಗೆ ಕಡಿಮೆ ರೇಟಿನದು ಕೊಡುವ ಅಂಗಡಿ ನಾನಂತೂ ಬೇರೆ ನೋಡಿಲ್ಲ.

ನಾಲ್ಕೂ ಹೊಸ ಟೈರಿನ ಮೇಲಿನ, ಅವು ತಯಾರಾದ ತಾರೀಖನ್ನು ತಾವಾಗಿಯೇ ತೋರಿಸಿದರು: 0825, ಅಂದರೆ 2025ರ ಎಂಟನೇ ವಾರ. ಗಾಳಿಯನ್ನು ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್ ನೋಡಿಯೇ ತುಂಬಿಸಿದರು. ಮಾಮೂಲಿ ಗಾಳಿ ಬದಲು ನೈಟ್ರೋಜನ್ ಬೇಕಾ ಅಂತ ನಾನು ಕೇಳಿದ್ದಕ್ಕೆ, “ತಿಂಗಳಿಗೊಮ್ಮೆ ಗಾಳಿ ಚೆಕ್ ಮಾಡಸ್ರಿ, ಅದೇ ಸಾಕು” ಅಂದರು. ಈಗ ಉಜ್ಜುವ ಸದ್ದಿಲ್ಲ, ಓಲಾಟವೂ ಇಲ್ಲ.

ಬೇಜಾರಿನ ವಿಷಯವೂ ಇದೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಸೇರಿ ಎರಡೂವರೆ ತಾಸು ಹಿಡಿಯಿತು. ಇರೋದು ಒಂದೇ ಪ್ಲಾಸ್ಟಿಕ್ ಕುರ್ಚಿ, ಅದರಲ್ಲೂ ಬೇರೆ ಯಾರೋ ಕೂತಿದ್ದರು. ಮೇ ತಿಂಗಳ ಬಿಸಿಲಲ್ಲಿ ತಗಡಿನ ಶೆಡ್ ಕೆಳಗೆ ನಿಲ್ಲೋದು ಅಂದರೆ ಗೊತ್ತಲ್ಲ. ಬೆಳಿಗ್ಗೆ ಹತ್ತರೊಳಗೆ ಹೋಗಿ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತೆ. ಹಳೇ ಟೈರಿಗೆ ಏನಾದರೂ ಕೊಡ್ತೀರಾ ಅಂತ ಕೇಳಿದೆ. “ಡಿಕ್ಕಿಯೊಳಗ ಇಡ್ಲೇನ್ರೀ?” ಅಂದರು ಚಾಚಾ.