ಇಮೊಬಿಲೈಸರ್ ಇರುವ ಕಾರಿಗೆ ರಿಮೋಟ್ ಸ್ಟಾರ್ಟರ್: ಕೀ ಬಾಕ್ಸೋ, ಡೇಟಾ ಮಾಡ್ಯೂಲೋ?

ಕೀಲಿಯ ತಲೆಯೊಳಗಿನ ಪುಟ್ಟ ಚಿಪ್ಪನ್ನು ಗುರುತಿಸದಿದ್ದರೆ ಇಮೊಬಿಲೈಸರ್ ಎಂಜಿನ್ ಓಡಲು ಬಿಡುವುದಿಲ್ಲ. ಹಾಗಾಗಿ ದೂರದಿಂದಲೇ ಎಂಜಿನ್ ಚಾಲೂ ಮಾಡುವ ರಿಮೋಟ್ ಸ್ಟಾರ್ಟರ್ ಅನ್ನು ಹೊರಗಿನಿಂದ ತಂದು ಹಾಕಿಸುವುದಾದರೆ, ಕೀಲಿ ಇಗ್ನಿಷನ್‌ನಲ್ಲಿ ಇಲ್ಲದಿದ್ದರೂ ಇಮೊಬಿಲೈಸರ್ ಒಪ್ಪುವಂತೆ ಮಾಡುವ ಬೈಪಾಸ್ ಎಂಬ ಸಾಧನ ಬೇಕೇ ಬೇಕು. ಯಾವ ಬೈಪಾಸ್ ಎಂಬುದಷ್ಟೇ ಪ್ರಶ್ನೆ.

ಕೀ ಬಾಕ್ಸ್ ಸರಳ. ಸ್ಪೇರ್ ಕೀಲಿಯನ್ನು ಅದರೊಳಗಿಟ್ಟು ಡ್ಯಾಶ್‌ಬೋರ್ಡ್ ಹಿಂದೆ ಅಡಗಿಸುತ್ತಾರೆ. ಸ್ಟಾರ್ಟ್ ಆಗುವ ಹೊತ್ತಿಗೆ ಚಿಪ್ಪಿನ ಸಂಕೇತ ಇಗ್ನಿಷನ್ ಸುತ್ತಲಿನ, ಚಿಪ್ಪನ್ನು ಓದುವ ತಂತಿಸುರುಳಿಗೆ (ಕಾಯಿಲ್) ತಲುಪುತ್ತದೆ. ಪೆಟ್ಟಿಗೆ ಅಗ್ಗವೇ, ಆದರೆ ಇರುವುದೇ ಎರಡು ಕೀಲಿಯಾದರೆ ಹೊಸ ಚಿಪ್ ಕೀಲಿಯ ಖರ್ಚನ್ನೂ ಸೇರಿಸಿ. ಕೀಲಿ ಸದಾ ಕಾರಲ್ಲೇ ಇರುವುದು ನನಗಂತೂ ಸಮಾಧಾನವಿಲ್ಲ.

ಡೇಟಾ ಮಾಡ್ಯೂಲ್ ಕಾರಿನ ಡೇಟಾ ತಂತಿಗಳ ಮೂಲಕವೇ ಇಮೊಬಿಲೈಸರ್ ಜೊತೆ ವ್ಯವಹರಿಸುತ್ತದೆ. ಹಲವು ಮಾದರಿಗಳಲ್ಲಿ ಕೀಲಿ ಒಳಗಿಡಬೇಕಿಲ್ಲ. ಆದರೆ ನಿಮ್ಮ ಕಾರಿನ ಮಾದರಿ, ವರ್ಷಕ್ಕೆ ಹೊಂದುವ ಫರ್ಮ್‌ವೇರ್ (ಮಾಡ್ಯೂಲ್ ಒಳಗಿನ ತಂತ್ರಾಂಶ) ಇರಲೇಬೇಕು. ಪ್ರೋಗ್ರಾಮಿಂಗ್ ಅನುಭವಸ್ಥರ ಕೆಲಸ.

ಹಳೆಯ ಕಾರು, ಕೈಯಲ್ಲಿ ಹೆಚ್ಚುವರಿ ಕೀಲಿ ಇದ್ದರೆ ಕೀ ಬಾಕ್ಸ್ ಸಾಕು. ಹೊಸ ಕಾರು, ಕಳ್ಳತನದ ಭಯವಿದ್ದರೆ ಡೇಟಾ ಮಾಡ್ಯೂಲ್. ವಾರಂಟಿ ಇನ್ನೂ ಇದ್ದರೆ ಮೊದಲು ತಯಾರಕರದೇ ರಿಮೋಟ್ ಸ್ಟಾರ್ಟ್ ಸಿಗುತ್ತದೆಯೇ ವಿಚಾರಿಸಿ.

ಮ್ಯಾನುವಲ್ ಗೇರ್ ಆದರೆ, ನ್ಯೂಟ್ರಲ್ ಖಚಿತಪಡಿಸುವ ವ್ಯವಸ್ಥೆ ಇಲ್ಲದೆ ಯಾವುದನ್ನೂ ಹಾಕಿಸಬೇಡಿ. ಗೇರ್‌ನಲ್ಲಿದ್ದ ಕಾರು ಮುಂದಕ್ಕೆ ನುಗ್ಗಬಹುದು.