ಬಿಚ್ಚಿ ತೊಳೆಯುವ ಪೆಟ್ರೋಲ್ ಫಿಲ್ಟರ್: ಜಾಲರಿಗೆ ಪೂರ್ತಿ ಅಂಕ, ಓ-ರಿಂಗಿಗೆ ಸೊನ್ನೆ

ಬೆಳಗಾವಿಯಲ್ಲಿ ಎರಡು ಸೀಟಿನ ಒಂದು ಮೈಕ್ರೋಲೈಟ್, ಅಂದರೆ ತೀರಾ ಹಗುರ ವಿಮಾನ ನೋಡಿಕೊಳ್ಳುತ್ತೇನೆ. ಎಂಜಿನ್ ರೋಟ್ಯಾಕ್ಸ್ ಕಂಪನಿಯ 912 ಯುಎಲ್. ಅದರ ಪೆಟ್ರೋಲ್ ಲೈನಿನಲ್ಲಿ ಕೂತಿರುವ ಅಲ್ಯುಮಿನಿಯಂ ಫಿಲ್ಟರ್ ಬಗ್ಗೆ ಈ ವಿಮರ್ಶೆ. ಎರಡು ತುದಿಗೆ ಪೈಪ್ ಸಿಗಿಸುವ ನಿಪ್ಪಲ್, ನಡುವೆ ತಿರುಗಿಸಿ ಬಿಚ್ಚುವ ಡಬ್ಬಿ, ಒಳಗೆ 100 ಮೈಕ್ರಾನ್ ಸ್ಟೀಲ್ ಜಾಲರಿ. ಉಳಿದ ಅಳತೆಗಳೆಲ್ಲ ಅದು ಬರುವ ಪೆಟ್ಟಿಗೆ ಮೇಲೇ ಇರುತ್ತವೆ, ಬಿಡಿ. ಇದನ್ನು ಹಾಕಿ ಹಲವು ಮಳೆಗಾಲ ಕಳೆದಿವೆ.

ಮೊದಲೇ ಒಂದು ಮಾತು. ಸೆಸ್ನಾ ತರಹದ, ಟೈಪ್ ಸರ್ಟಿಫಿಕೇಟ್ (ಆ ಮಾದರಿಗೆ ಸರ್ಕಾರದ ಒಪ್ಪಿಗೆ) ಇರುವ ವಿಮಾನಕ್ಕೆ ಅದರ ಪಾರ್ಟ್ಸ್ ಪುಸ್ತಕದಲ್ಲಿ ಇರುವುದನ್ನೋ, ಅದಕ್ಕೆ ಅನುಮೋದನೆ ಪಡೆದದ್ದನ್ನೋ ಮಾತ್ರ ಹಾಕಬೇಕು. ಅಲ್ಲಿ ನಮ್ಮ ಇಷ್ಟದ ಪ್ರಶ್ನೆಯೇ ಇಲ್ಲ.

ನೂರೇ ಮೈಕ್ರಾನ್ ಯಾಕೆ, ಇನ್ನೂ ಸಣ್ಣದು ಒಳ್ಳೇದಲ್ವಾ ಅಂತ ಬಹಳ ಜನ ಕೇಳುತ್ತಾರೆ. ಅಲ್ಲ. ಟ್ಯಾಂಕಿನಿಂದ ಪಂಪಿನವರೆಗಿನ ಲೈನಿಗೆ ರೋಟ್ಯಾಕ್ಸ್ ಹೇಳುವುದೇ 0.1 ಮಿಮೀ, ಅಂದರೆ ಇದೇ ನೂರು ಮೈಕ್ರಾನ್ ಜಾಲರಿ. ಕಾರ್ಬ್ಯುರೇಟರಿನಲ್ಲಿ, ಎಂಜಿನ್ ನಿಧಾನ ತಿರುಗುವಾಗ ಪೆಟ್ರೋಲ್ ಬಿಡುವ ಐಡಲ್ ಜೆಟ್‌ ತೂತು 0.35 ಮಿಮೀ, ಅದನ್ನು ಮುಚ್ಚುವಂಥ ಕಸ ಈ ಜಾಲರಿ ದಾಟುವುದು ಕಷ್ಟ. ಬೈಕ್ ಅಂಗಡಿಯಲ್ಲಿ ಸಿಗುವ ಕಾಗದದ ಫಿಲ್ಟರ್ ಇದಕ್ಕಿಂತ ತುಂಬಾ ಸಣ್ಣದನ್ನೂ ಹಿಡಿಯುತ್ತದೆ, ನಿಜ. ಆದರೆ ನೀರು ಬಂದರೆ ಕಾಗದ ಉಬ್ಬಿ ದಾರಿ ಕಟ್ಟಿಕೊಳ್ಳುತ್ತದೆ. ಐಡಲ್‌ನಲ್ಲಿ ಏನೂ ಗೊತ್ತಾಗುವುದಿಲ್ಲ, ಪೂರ್ತಿ ಥ್ರಾಟಲ್ ಕೊಟ್ಟು ನೆಲ ಬಿಟ್ಟ ಮೇಲೆ ಗೊತ್ತಾಗುತ್ತದೆ. ಮೇಲಿಂದ ಅದರ ಪ್ಲಾಸ್ಟಿಕ್ ಮೈ ಎಂಜಿನ್ ಬಿಸಿಗೆ ಗಡುಸಾಗಿ ಬಿರುಕು ಬಿಡುತ್ತದೆ. ಅಗ್ಗ ಅನ್ನುವುದೊಂದೇ ಅದರ ಗುಣ.

ಈ ಫಿಲ್ಟರ್ ನನಗೆ ಇಷ್ಟವಾಗಿದ್ದು ತೊಳೆಯುವ ದಿನ. ಹಳೇ ಬಿಳಿ ಧೋತರದ ತುಂಡನ್ನು ತಟ್ಟೆಯಲ್ಲಿ ಹಾಸುತ್ತೇನೆ. ಕಾಕ್ ಮುಚ್ಚಿ, ಡಬ್ಬಿ ಬಿಚ್ಚಿ, ಒಳಗಿನ ಪೆಟ್ರೋಲನ್ನು ನಿಧಾನ ಬಟ್ಟೆ ಮೇಲೆ ಸುರಿಯುತ್ತೇನೆ. ಆಮೇಲೆ ಜಾಲರಿಯನ್ನು ಒಳಗಿನಿಂದ ಹೊರಕ್ಕಲ್ಲ, ಕಸ ಕೂತಿರುವ ಕಡೆಯಿಂದ ಮೆತ್ತನೆ ಬ್ರಷ್ಷಿನಲ್ಲಿ ಬಟ್ಟೆಗೆ ಉದುರಿಸುತ್ತೇನೆ. ಪೆಟ್ರೋಲ್ ಆರಿದ ಮೇಲೆ ಬಟ್ಟೆ ಮೇಲೆ ಉಳಿದದ್ದನ್ನು ಭೂತಗನ್ನಡಿಯಲ್ಲಿ ನೋಡಬೇಕು, ಅದೇ ಮುಖ್ಯ ಕೆಲಸ. ಕಂದು ಬಣ್ಣದ ತೆಳು ಹಕ್ಕಳೆ ಅಂದರೆ ಪೆಟ್ರೋಲ್ ತರುವ ಬ್ಯಾರೆಲ್ಲಿನ ತುಕ್ಕು, ಅಯಸ್ಕಾಂತ ಹಿಡಿದರೆ ಸಾಮಾನ್ಯವಾಗಿ ಎದ್ದು ಬರುತ್ತದೆ. ಉಗುರಿನ ಚೂರಿನ ಹಾಗೆ ಬಾಗಿದ ಕರಿ ಎಳೆ ಅಂದರೆ ರಬ್ಬರ್: ಪೈಪನ್ನು ನಿಪ್ಪಲ್ಲಿಗೆ ತಿರುಚಿ ತಿರುಚಿ ತೂರಿಸಿದಾಗ ಅದರ ಅಂಚು ಪೈಪಿನ ಒಳಮೈ ಹೆರೆಯುತ್ತದೆ. ಫಿಲ್ಟರಿಗಿಂತ ಮುಂದೆ, ಪಂಪಿನ ಕಡೆ ಹೀಗಾದರೆ ಹಿಡಿಯುವವರೇ ಇಲ್ಲ, ಎಳೆ ನೇರ ಕಾರ್ಬ್ಯುರೇಟರಿಗೆ ಹೋಗಿ ಫ್ಲೋಟ್ ಸೂಜಿ ಕೆಳಗೆ ಕೂರುತ್ತದೆ. ಅದಕ್ಕೇ ಪೈಪ್ ಹಾಕುವಾಗ ತುದಿಗೆ ಒಂದು ಹನಿ ಪೆಟ್ರೋಲ್ ಸವರಿ, ತಿರುಚದೆ ನೇರ ತಳ್ಳಿ. ರಬ್ಬರ್ ಪೈಪುಗಳನ್ನು 5 ವರ್ಷಕ್ಕೊಮ್ಮೆ ಬದಲಿಸಿ ಅಂತ ರೋಟ್ಯಾಕ್ಸ್ ಹೇಳುತ್ತದೆ, ಬಟ್ಟೆ ಮೇಲೆ ಕರಿ ಪುಡಿ ಜಾಸ್ತಿಯಾದರೆ ನಾನು ಅಷ್ಟು ದಿನ ಕಾಯುವುದಿಲ್ಲ.

ನಮ್ಮ ಕಡೆ ಪೆಟ್ರೋಲ್ ವಿಷಯವೇ ಬೇರೆ ಕತೆ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳಿಂದ ಪೆಟ್ರೋಲಿಗೆ ಬೆರೆಸಲು ಎಥೆನಾಲ್ ಹೋಗುತ್ತದೆ, ಕಬ್ಬು ಬೆಳೆಯುವ ಮನೆಯವನಾಗಿ ನನಗೆ ಅದು ಸಂತೋಷವೇ. ಆದರೆ ಈ ಎಂಜಿನ್ನಿಗೆ ರೋಟ್ಯಾಕ್ಸ್ ಒಪ್ಪುವುದು 10% ಎಥೆನಾಲ್, ಈಗ ಬಂಕಿನಲ್ಲಿ ಬರುವುದು 20%. ಹಾಗಾಗಿ ನಾವು ಬ್ಯಾರೆಲ್ಲಿನಲ್ಲಿ ತರಿಸುವ ವಿಮಾನದ ಪೆಟ್ರೋಲ್, ಏವ್‌ಗ್ಯಾಸ್ 100 ಎಲ್‌ಎಲ್ ಮೇಲೆ ಹಾರಿಸುತ್ತೇವೆ. ದುಬಾರಿ, ಸೀಸ ಇರುವುದರಿಂದ ಆಯಿಲ್ ಕೂಡ ಬೇಗ ಬದಲಿಸಬೇಕು. ಬೇರೆಯವರು ಕ್ಯಾನ್ ತಂದುಕೊಟ್ಟರೆ ಪರೀಕ್ಷೆ ಮಾಡದೆ ಹಾಕುವುದಿಲ್ಲ: ಗೆರೆ ಇರುವ ಗಾಜಿನ ಕೊಳವೆಯಲ್ಲಿ ಸ್ವಲ್ಪ ನೀರು, ಮೇಲೆ ಪೆಟ್ರೋಲ್, ಚೆನ್ನಾಗಿ ಕುಲುಕಿ ಇಡಿ. ನೀರಿನ ಗೆರೆ ಮೇಲೇರಿದರೆ ಎಥೆನಾಲ್ ಇದೆ. ಇನ್ನು ಜುಲೈ, ಆಗಸ್ಟ್‌ನ ಬೆಳಗಾವಿ ತೇವ ಗೊತ್ತಲ್ಲ, ಅರ್ಧ ಖಾಲಿ ಟ್ಯಾಂಕಿನಲ್ಲಿ ನೀರು ತಾನಾಗೇ ಕೂಡುತ್ತದೆ. ಈ ಫಿಲ್ಟರ್ ನೀರನ್ನು ತಡೆಯುತ್ತದೆ ಅಂತ ನಂಬಬೇಡಿ. ನೀರಿಗೆ ಲೈನಿನ ಅತಿ ತಗ್ಗಿನಲ್ಲಿ ಗ್ಯಾಸ್ಕೊಲೇಟರ್ ಅನ್ನುವ, ನೀರು ಬಂದು ಕೂರುವ ಬಟ್ಟಲು ಇದೆ, ದಿನಾ ಬೆಳಿಗ್ಗೆ ಅದರಿಂದ ಒಂದು ಲೋಟ ಡ್ರೈನ್ ಮಾಡಬೇಕು.

ಇಲ್ಲಿಯವರೆಗೆ ಹೊಗಳಿಕೆ. ಈಗ ಸಿಟ್ಟು.

ಡಬ್ಬಿಯ ಎರಡು ಭಾಗದ ನಡುವೆ, ಸಂದು ಬಿಗಿಯಾಗಿರಲು, ಒಂದು ಓ-ರಿಂಗ್ (ರಬ್ಬರ್ ಬಳೆ) ಇದೆ. ನಮ್ಮ ಟ್ಯಾಂಕ್ ಸೀಟಿನ ಹಿಂದೆ, ಕಾರ್ಬ್ಯುರೇಟರಿಗಿಂತ ಕೆಳಗೆ. ಪಂಪ್ ಎಳೆಯುವ ಕಡೆ ಈ ಫಿಲ್ಟರ್. ಹೀಗಿದ್ದಾಗ ಓ-ರಿಂಗ್ ಸಡಿಲವಾದರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ! ಕಲೆ ಇಲ್ಲ, ವಾಸನೆ ಇಲ್ಲ. ಇಂಧನ ಒತ್ತಡದ ಮುಳ್ಳು ಮಾತ್ರ ಸಣ್ಣಗೆ ನಡುಗುತ್ತದೆ. ಒಂದು ಬೇಸಿಗೆಯಲ್ಲಿ ನೆಲದ ಮೇಲೆ ರನ್-ಅಪ್ (ಹಾರುವ ಮುಂಚೆ ಎಂಜಿನ್ ಓಡಿಸಿ ನೋಡುವುದು) ಮಾಡುವಾಗ ನಾನು ನೋಡಿದ್ದು ಅದೇ, 0.15 ಬಾರ್‌ಗಿಂತ ಕೆಳಗೆ ಹೋಗಬಾರದ ಮುಳ್ಳು ಅಲ್ಲೇ ಹೊಯ್ದಾಡುತ್ತಿತ್ತು. ಬಿಚ್ಚಿ ನೋಡಿದರೆ ರಿಂಗ್ ಚಪ್ಪಟೆಯಾಗಿ, ಬೆರಳಲ್ಲಿ ಒತ್ತಿದರೂ ಮತ್ತೆ ಏಳದಷ್ಟು ಸತ್ತಿತ್ತು. ಬಿಡಿ ರಿಂಗ್ ಕೇಳಿದರೆ ಮಾರುವವರು, ಪೂರ್ತಿ ಫಿಲ್ಟರ್ ತಗೊಳ್ಳಿ ಅಂದರು. ಸಾವಿರಾರು ರೂಪಾಯಿಯ ವಸ್ತುವಿಗೆ ಇದೆಂಥ ಉತ್ತರ!

ವರ್ನಿಯರ್‌ನಲ್ಲಿ ಅಳೆದು, ನಮ್ಮ ಊರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಹೋದೆ. ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಯ ಕಾಕಾ ರಿಂಗ್ ಕೈಗೆ ತಗೊಂಡವರೇ, "ಎಣ್ಣಿಗೇನ್ರಿ, ಪೆಟ್ರೋಲಿಗೇನ್ರಿ?" ಅಂದರು. ಪೆಟ್ರೋಲಿಗೆ ಅಂದೆ. "ಹಂಗಾದ್ರ ವಿಟಾನ್ ಒಯ್ರಿ. ಸಾದಾ ಕರೀದು ಎಥೆನಾಲ್ ಬಂತಂದ್ರ ಉಬ್ಬತೈತಿ." ವಿಟಾನ್ ಅಂದರೆ ಪೆಟ್ರೋಲಿಗೆ ಜಗ್ಗದ ಒಂದು ಬಗೆಯ ರಬ್ಬರ್. ಅದೇ ಅಳತೆಯ ವಿಟಾನ್ ರಿಂಗ್ ಸಿಕ್ಕಿತು, ಒಂದು ಚಹಾ-ತಿಂಡಿಯ ದುಡ್ಡು. ಹಾಕಿದ ಮೇಲೆ ಮುಳ್ಳು ಅಲುಗಿಲ್ಲ. ಈಗ ಫಿಲ್ಟರ್ ಬಿಚ್ಚಿದಾಗಲೆಲ್ಲ ಹೊಸ ರಿಂಗ್, ಹಳೇದನ್ನು ಮತ್ತೆ ಹಾಕುವ ಮಾತೇ ಇಲ್ಲ. ಬಿಗಿ ಮಾಡಿ ಡಬ್ಬಿಗೂ ಮುಚ್ಚಳಕ್ಕೂ ಸೇರಿಸಿ ಒಂದು ಕೆಂಪು ಗೆರೆ (ತಿರುಗಿದರೆ ಗೊತ್ತಾಗಲು), ತಾನಾಗಿ ಬಿಚ್ಚಿಕೊಳ್ಳದಂತೆ ಕಟ್ಟುವ ಲಾಕ್ ವೈರ್. ಬಾಣದ ಗುರುತು ಎಂಜಿನ್ ಕಡೆ ಇದೆಯಾ ಅಂತ ಇನ್ನೊಬ್ಬರಿಂದ ನೋಡಿಸುತ್ತೇನೆ.

ಕೊನೆಗೆ ಹರಿವಿನ ಪರೀಕ್ಷೆ ಬಿಡಬೇಡಿ. ವಿಮಾನದ ಮೂಗು ಮೇಲೆತ್ತಿ ನಿಲ್ಲಿಸಿ, ಕಾರ್ಬ್ಯುರೇಟರ್ ಕಡೆ ಪೈಪ್ ಬಿಚ್ಚಿ, ವಿದ್ಯುತ್ ಪಂಪ್ ಹಾಕಿ ಅಳತೆ ಕ್ಯಾನಿಗೆ ಹಿಡಿಯಿರಿ. ಟೇಕಾಫ್‌ನಲ್ಲಿ ಈ ಎಂಜಿನ್ ಗಂಟೆಗೆ ಸುಮಾರು 24 ಲೀಟರ್ ಕುಡಿಯುತ್ತದೆ, ಪಂಪ್ ಇರುವ ಲೈನಿನಲ್ಲಿ ಅದರ 125% ಆದರೂ ಬರಬೇಕು. ಅಂದರೆ 5 ನಿಮಿಷಕ್ಕೆ ಹತ್ತಿರ ಹತ್ತಿರ ಎರಡೂವರೆ ಲೀಟರ್.

ಮತ್ತೆ ಕೊಳ್ಳುತ್ತೀರಾ ಅಂದರೆ, ಹೌದು, ಕೊಳ್ಳುತ್ತೇನೆ. ಜಾಲರಿ ಇವತ್ತಿಗೂ ಹೊಸದರಂತಿದೆ, ಎಲ್ಲೂ ಹರಿದಿಲ್ಲ. ಆದರೆ ಕೊಂಡ ದಿನವೇ ಒಳಗಿನ ರಿಂಗ್ ತೆಗೆದು ಅಳತೆ ಬರೆದಿಟ್ಟುಕೊಳ್ಳಿ. ರಿಂಗನ್ನು ಬಿಡಿಯಾಗಿ ಮಾರಿ ಅಂತ ಮಾರಾಟಗಾರರಿಗೆ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.